ಸೂತಕದ ಮನೆಯಲ್ಲಿ ಬೋಂಡದ ವಾಸನೆ

ಎಲ್ಲಿಂದಲಾದರೂ ಬಾಣಲೆಯ ಎಣ್ಣೆ ಸೀದ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ, ಇಲ್ಲವೇ ತಲೆ ನೋಯುತ್ತದೆ. ನನಗೆ ಏನಾಗುತ್ತದೆಂದು ಇಷ್ಟು ವಯಸ್ಸಾದರೂ ನನಗೇ ತಿಳಿದಿಲ್ಲ. ಬಾಯಲ್ಲಿ ನೀರೂರುತ್ತದೆ, ಅದರ ಬೆನ್ನಿಗೇ ಕಣ್ಣಲ್ಲೂ. ಬಜ್ಜಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಡುತ್ತೇನೆ. ಅಂಗಡಿಯವನು "ಎಷ್ಟು ಕಟ್ಲಮ್ಮಾ?" ಎಂದು ಕೇಳಿದರೆ ಅವನ ಮೇಲೆ ರೇಗುತ್ತೇನೆ. ಪಾಪ, ಅವನದೇನು ತಪ್ಪು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನನ್ನ ತವರು ಶಿವಮೊಗ್ಗದ ದುರ್ಗಿಗುಡಿ, ಗಂಡನ ಮನೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಆದರೆ ನಮ್ಮಮ್ಮ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ದುರ್ಗಿಗುಡಿಯಲ್ಲಿ ಉಳಿದಿದ್ದವನು ನನ್ನನ್ನು ಸಾಕಿದ ಸೋದರಮಾವ ಒಬ್ಬನೇ. ಅವನಿಗೆ ಮದುವೆಯಿಲ್ಲ, ಒಂದು ಸಣ್ಣ ಹೋಟೆಲಿತ್ತು, ಹೋಟೆಲಿನ ಹಿಂದಿನ ಕೋಣೆಯೇ ಮನೆ. "ಅಲ್ಲಿ ಯಾರು ಬಾಣಂತನ ಮಾಡ್ತಾರೆ? ಇಲ್ಲೇ ಇರು. ನಾನಿಲ್ವಾ?" ಎಂದು ಅತ್ತೆ ನನ್ನನ್ನು ಕಳಿಸಲೇ ಇಲ್ಲ.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು ಮಗು. ಧನುರ್ಮಾಸದ ಚಳಿ. ಮೊರದಲ್ಲಿ ಮಲಗಿಸಿದರೆ ಅರ್ಧ ಮೊರ ಖಾಲಿ ಉಳಿಯುತ್ತಿತ್ತು, ಅಷ್ಟು ಸಣ್ಣದು. ಮನೆಗೆ ಬಂದು ನೋಡಿದ ನರ್ಸಮ್ಮ ಖಡಾಖಂಡಿತವಾಗಿ ಹೇಳಿದರು: "ಈ ಮಗೂಗೆ ತನ್ನ ಶಾಖ ತಾನು ಹಿಡ್ಕೊಳ್ಳೋ ಶಕ್ತಿ ಇಲ್ಲ. ಕೋಣೆ ಹಗಲೂ ರಾತ್ರಿ ಬೆಚ್ಚಗಿರ್ಬೇಕು. ಇಲ್ಲಾಂದ್ರೆ ಉಳಿಯಲ್ಲ." ಬಾಣಂತಿ ಕೋಣೆಯಲ್ಲಿ ಎಲ್ಲರೂ ಇಡುವ ಹಾಗೆ ಅತ್ತೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟರು. ಮಗು ಉಸಿರು ಎಳೆಯಲಾರದೆ ಗೊರಗೊರ ಅನ್ನತೊಡಗಿತು. ಮಾರನೆಯ ದಿನ ಬಂದ ನರ್ಸಮ್ಮ ಅಗ್ಗಿಷ್ಟಿಕೆಯನ್ನು ಕಾಲಿನಿಂದಲೇ ಹೊರಗೆ ತಳ್ಳಿ, "ಬೆಂಕಿ ಬೇಕು, ಹೊಗೆ ಬೇಡ" ಎಂದು ಹೇಳಿ ಹೋದರು. ಹೊಗೆಯಿಲ್ಲದ ಬೆಂಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಸೀಮೆಎಣ್ಣೆ ದೀಪಕ್ಕೇ ಸಾಲದ ಕಾಲ. ನಾನು ಹಾಸಿಗೆಯ ಮೇಲೆ ಕೂತು ಅತ್ತೆಯ ಮುಖ ನೋಡಿದೆ, ಅತ್ತೆ ಮಾವನ ಮುಖ ನೋಡಿದರು.

ಮಾವ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಚಿಲಕದಿಂದ ಹಿಡಿದು ಇಲಿಬೋನಿನವರೆಗೆ ಮನೆಯಲ್ಲಿ ಎಲ್ಲ ಅವರದೇ ತಯಾರಿ. ಯಾವುದೂ ಒಂದೇ ಸಲಕ್ಕೆ ಸರಿಹೋದದ್ದಿಲ್ಲ. ಆ ಇಲಿಬೋನಿಗೆ ಇಲಿ ಬೀಳದೆ ಅತ್ತೆಯ ಬೆರಳು ಬಿದ್ದಿತ್ತು. "ಅದೇನ್ ಮಹಾ ಮಾರಾಯ್ತಿ, ಮಾಡೋಣ ಬಿಡು" ಎಂದವರು ಮರುದಿನವೇ ರೈಲು ಹತ್ತಿ ದುರ್ಗಿಗುಡಿಗೆ ಹೋಗಿ, ನನ್ನ ಸೋದರಮಾವನ ಹೋಟೆಲಿನಿಂದ ಎರಡು ಡಬ್ಬ ಕರಿದ ಎಣ್ಣೆ ಹೊತ್ತು ತಂದರು. ಬೋಂಡ, ವಡೆ ಬೇಯಿಸಿ ಬೇಯಿಸಿ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾದ ಕಡಲೆಕಾಯಿ ಎಣ್ಣೆ. ಹೋಟೆಲಿನವರು ಅದನ್ನು ಚರಂಡಿಗೆ ಸುರಿಯುತ್ತಿದ್ದರು.

ಒಲೆ ಹೀಗಿತ್ತು. ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ದಪ್ಪನೆಯ ಕಬ್ಬಿಣದ ಬಟ್ಟಲು. ಗೋಡೆಯ ಮೊಳೆಗೆ ನೇತುಹಾಕಿದ ಎಣ್ಣೆ ಡಬ್ಬ, ಅದರಿಂದ ಇಳಿದುಬಂದ, ತಿರುಪು ಹಾಕಿದ ಸಣ್ಣ ತಾಮ್ರದ ನಳಿಕೆ. ನಳಿಕೆಯ ತುದಿಯಿಂದ ಎಣ್ಣೆ ತೊಟ್ಟು ತೊಟ್ಟಾಗಿ ಬಟ್ಟಲಿಗೆ ಬೀಳಬೇಕು. ಮೊದಲು ಚಿಂದಿಬಟ್ಟೆಗೆ ಒಂದಿಷ್ಟು ಸೀಮೆಎಣ್ಣೆ ತೋಯಿಸಿ ಹಚ್ಚಿ ಬಟ್ಟಲನ್ನು ಚೆನ್ನಾಗಿ ಕಾಯಿಸಬೇಕು. ಆಮೇಲೆ ಬಿದ್ದ ತೊಟ್ಟೆಲ್ಲ ತಾನೇ ಹೊತ್ತಿಕೊಳ್ಳುತ್ತದೆ. ಹೊಗೆ ಹೋಗಲು ಡ್ರಮ್ಮಿನ ತಲೆಯಿಂದ ಕಿಟಕಿಯಾಚೆಗೆ ತಗಡಿನ ಕೊಳವೆ. ಮೊದಲ ಸಲ ಹಚ್ಚಿದಾಗ ಎಣ್ಣೆಯಲ್ಲಿ ನೀರಿತ್ತೋ ಏನೋ, ಒಲೆ ಸಿಡಿದು ಮಾವನ ಹುಬ್ಬು ಸುಟ್ಟುಹೋಯಿತು. ಎರಡನೆಯ ಸಲ ನಳಿಕೆಯಲ್ಲಿ ಬೋಂಡದ ಜೀರಿಗೆ ಸಿಕ್ಕಿಕೊಂಡು ಎಣ್ಣೆ ಇಳಿಯಲೇ ಇಲ್ಲ. ಅವರು ಕಡ್ಡಿಯಿಂದ ಜೀರಿಗೆ ತೆಗೆದು ಅಂಗೈಯಲ್ಲಿಟ್ಟು, "ನೋಡೇ, ನಿಮ್ಮಾವನ ಹೋಟ್ಲಲ್ಲಿ ಮಸಾಲೆಗೇನೂ ಕಮ್ಮಿ ಇಲ್ಲ" ಎಂದು ನನಗೆ ತೋರಿಸಿದರು. ಆಮೇಲೆ ಹಳೆಯ ಪಂಚೆಯಲ್ಲಿ ಸೋಸಿ ಸುರಿದರು. ಒಲೆ ಗುಂಯ್ ಎನ್ನುತ್ತ ಹತ್ತಿಕೊಂಡಿತು. ಆ ಸಂಜೆಯ ಹೊತ್ತಿಗೆ ಮಗುವಿನ ಪಾದಕ್ಕೆ ಬಣ್ಣ ಬಂತು. ನಾನು ಮಾವನಿಗೆ ಕೈ ಮುಗಿಯಬೇಕೆಂದುಕೊಂಡೆ, ಆದರೆ ಹುಬ್ಬಿಲ್ಲದ ಅವರ ಮುಖ ನೋಡಿ ನಗು ಬಂದುಬಿಟ್ಟಿತು.

ತೊಂದರೆ ಒಂದೇ, ವಾಸನೆ. ಹೊಗೆಯೇನೋ ಹೊರಗೆ ಹೋಗುತ್ತಿತ್ತು. ಆದರೆ ಬೀದಿಗೆಲ್ಲ ಹಗಲೂ ರಾತ್ರಿ ಬಿಸಿ ಬೋಂಡದ ಘಮ. ಪಕ್ಕದ ಮನೆಯ ತಮಿಳಮ್ಮ, ಅವರ ಗಂಡನೂ ಕಾರ್ಖಾನೆಯವರೇ, ಬೇಲಿಯ ಮೇಲಿಂದ ಕತ್ತು ಚಾಚಿ, "ಏನಮ್ಮಾ, ಡೈಲಿ ಬಜ್ಜೀನಾ? ನಮಗೆ ಒಂದಾದ್ರೂ ಕೊಡಕೂಡದಾ?" ಎಂದು ಅತ್ತೆಯನ್ನು ಕಾಡುತ್ತಿದ್ದರು. ಒಲೆ ತೋರಿಸಿದರೂ ಅವರಿಗೆ ಪೂರಾ ನಂಬಿಕೆ ಬರಲಿಲ್ಲ, ಡ್ರಮ್ಮಿನ ಹಿಂದೆ ಬಗ್ಗಿ ಬಾಣಲೆ ಹುಡುಕಿದರು. ನನ್ನ ಪಾಡಂತೂ ಕೇಳಬೇಡಿ. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಅನ್ನ. ಕರಿದದ್ದು ಕಣ್ಣಲ್ಲೂ ನೋಡುವ ಹಾಗಿಲ್ಲ. ಮೂಗಿನಲ್ಲಿ ಬೋಂಡ, ಬಾಯಲ್ಲಿ ಮೆಣಸಿನ ಸಾರು! ಒಂದು ದಿನ ತಟ್ಟೆ ತಳ್ಳಿ ಅತ್ತುಬಿಟ್ಟೆ. ಮಾವ ಬಾಗಿಲಾಚೆಯಿಂದ, "ಮೂರು ತಿಂಗಳು ತುಂಬ್ಲಿ ತಾಯಿ, ನಾನೇ ಬುಟ್ಟಿ ತುಂಬಾ ತಂದ್ಕೊಡ್ತೀನಿ" ಎಂದರು. ಅತ್ತೆ ಒಳಗಿಂದ, "ಅವಳ ಹೆಸರಲ್ಲಿ ನೀವು ತಿನ್ನೋಕೆ" ಎಂದರು. ಮಾವನಿಗೆ ಕರಿದ ತಿಂಡಿಯೆಂದರೆ ಪ್ರಾಣ.

ಅದಾಗಿ ಕೆಲವೇ ದಿನಕ್ಕೆ ಮಾವ ತೀರಿಕೊಂಡರು. ಕೆಲಸದಿಂದ ಬಂದು ಕಾಲು ತೊಳೆದು, ಜಗಲಿಯ ಮೇಲೆ ಗೋಡೆಗೊರಗಿ ಕೂತು, "ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೇ" ಎಂದು ಅತ್ತೆಯನ್ನು ಕರೆದರಂತೆ. ಅತ್ತೆ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಕೋಣೆಯ ಬಾಗಿಲಿನಿಂದ ಅವರ ಕಾಲುಗಳನ್ನಷ್ಟೇ ನೋಡಿದೆ. ಇನ್ನೂ ಒದ್ದೆಯಾಗಿದ್ದವು. ಹೆಣ ಮನೆಯಲ್ಲಿರುವಾಗ ಒಲೆ ಉರಿಯಬಾರದೆಂದು ಯಾರೋ ಬಂದು ನನ್ನ ಕೋಣೆಯ ಒಲೆಯನ್ನೂ ಆರಿಸಿದರು. ನನಗೆ ಅಳು ಬರಲಿಲ್ಲ. ಮಗುವನ್ನು ಸೀರೆಯೊಳಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂತಿದ್ದೆ.

ಸುದ್ದಿ ಕೇಳಿ ಶಿವಮೊಗ್ಗದ ಪಕ್ಕದ ಗೋಪಾಳದಿಂದ ಮಾವನ ಅಕ್ಕ ಬಂದರು. ನಾವೆಲ್ಲ ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ಹೊಲ ಗದ್ದೆ ಆಳಿದ ಗಟ್ಟಿ ಹೆಂಗಸು. ತಾಯಿ ಸತ್ತ ಮೇಲೆ ಮಾವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಅವರು ಬೀದಿಯ ತಿರುವಿನಿಂದಲೇ "ನನ್ನ ಕಂದಾ, ನನಗಿಂತ ಮೊದ್ಲೇ ಹೊರಟ್ಯೇನೋ" ಎಂದು ಎದೆ ಬಡಿದುಕೊಂಡು ಬಂದದ್ದು ಕೇಳಿ ಆಗ ನನಗೂ ಅಳು ಒಡೆಯಿತು.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಮಗು ತಣ್ಣಗಿತ್ತು. ನಮ್ಮನೆಯವರಿಗೆ ಹೇಳಿದೆ. ಅವರು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು, ಅಪ್ಪನ ಕೈಚಳಕ ಒಂದಿಷ್ಟೂ ಬಂದಿರಲಿಲ್ಲ. ಆದರೂ ಒದ್ದಾಡಿ ಒಲೆ ಹಚ್ಚಿದರು. ಅಂಗಳದಲ್ಲಿ ಮಾತಾಡಿಸಲು ಬಂದ ಜನ ತುಂಬಿದ್ದರು. ಸ್ವಲ್ಪ ಹೊತ್ತಿಗೆ ಹೊರಗಿನ ಗುಜುಗುಜು ನಿಂತುಹೋಯಿತು. ಏನಾಯಿತೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಮೂಗಿಗೆ ಬಡಿಯಿತು, ಬಿಸಿ ಬೋಂಡದ ಘಮ.

ನಮ್ಮ ಕಡೆ ಸಾವಾದ ಮನೆಯಲ್ಲಿ ತಿಥಿ ಆಗುವವರೆಗೆ ಬಾಣಲೆ ಇಡುವುದಿಲ್ಲ. ಒಗ್ಗರಣೆಯ ಚಟಪಟ ಸದ್ದು ಸಹ ಕೇಳಬಾರದು. ಇಲ್ಲಿ ನೋಡಿದರೆ ಮಣ್ಣು ಇನ್ನೂ ಹಸಿಯಾಗಿದೆ, ಮನೆಯಿಂದ ಕರಿಯುವ ವಾಸನೆ!

ದೊಡ್ಡತ್ತೆ ಧಡಧಡ ಒಳಗೆ ಬಂದರು. "ಯಾರೇ ಅದು ಬಾಣಲೆ ಇಟ್ಟಿದ್ದು?" ಅಡುಗೆಮನೆ ಖಾಲಿ. ವಾಸನೆ ಹಿಡಿದು ನನ್ನ ಕೋಣೆಗೆ ಬಂದು ಡ್ರಮ್ಮನ್ನು ನೋಡಿದರು. ನಮ್ಮನೆಯವರು ತಡಬಡಾಯಿಸುತ್ತ ವಿವರಿಸಿದರು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅವರ ದನಿ ಇಳಿಯಿತು. "ನನಗೆ ಅರ್ಥ ಆಗತ್ತಪ್ಪಾ. ಆದ್ರೆ ಯೋಚ್ನೆ ಮಾಡು. ತಿಥಿವರೆಗೂ ಅವನು ಈ ಮನೆ ಬಿಟ್ಟು ಹೋಗಲ್ಲ, ಇಲ್ಲೇ ಸುಳಿದಾಡ್ತಿರ್ತಾನೆ. ಕರಿದಿದ್ದು ಅಂದ್ರೆ ಜೀವ ಬಿಡ್ತಿದ್ದ. ಈ ವಾಸನೆಗೆ ಬಂದು ಬಂದು ನೋಡ್ತಾನೆ, ಎಲೆ ಮೇಲೆ ಏನೂ ಇರಲ್ಲ. ಹಸ್ಕೊಂಡಿರೋನಿಗೆ ಹೀಗೆ ಮಾಡಬಹುದಾ? ಆಸೆ ಅಂಟ್ಕೊಂಡ್ರೆ ಅವನಿಗೆ ದಾರಿ ಸಿಗಲ್ಲ ಕಣೋ." ಇಷ್ಟು ಹೇಳುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಮ್ಮನೆಯವರು ನಳಿಕೆಯ ಬಾಯಿ ಕಟ್ಟಿದರು.

ಅವರು ಜಗಳ ಮಾಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಅಳುವವರ ಹತ್ತಿರ ಏನು ಜಗಳವಾಡುವುದು? ಮಾವ ಆ ಕೋಣೆಯ ಬಾಗಿಲಲ್ಲಿ ಹಸಿದು ನಿಂತಿದ್ದಾರೆಂದು ನನಗೂ ಅನ್ನಿಸತೊಡಗಿತು. ತೊಡೆಯ ಮೇಲೆ ಅವರ ಮೊಮ್ಮಗಳು ತಣ್ಣಗೆ. ಯಾರ ಕಡೆ ನಿಲ್ಲಬೇಕು ನಾನು? ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ ಆ ವಾಸನೆಗೆ ನನ್ನ ಬಾಯಲ್ಲೂ ನೀರೂರಿತ್ತು, ಸಾವಾದ ಮನೆಯಲ್ಲಿ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ನಮ್ಮನೆಯವರು ತಿಥಿಯ ವಿಚಾರಕ್ಕೆ ಬಂದಿದ್ದ ಪುರೋಹಿತರನ್ನೇ ಕೇಳಿದರು. ನಾನು ಬಾಗಿಲಿಗೆ ಕಿವಿಗೊಟ್ಟೆ.

"ಬಾಣಲೆ ಇಟ್ಟಿದೀರಾ?" ಎಂದು ಪುರೋಹಿತರು ಕೇಳಿದರು.

"ಇಲ್ಲ."

"ಏನಾದ್ರೂ ಕರಿದಿದೀರಾ?"

"ಇಲ್ಲ. ಕರಿದಿದ್ದು ಶಿವಮೊಗ್ಗದಲ್ಲಿ, ಹೋಟ್ಲಲ್ಲಿ. ಅದೂ ಅಪ್ಪ ಹೋಗೋಕೆ ಮುಂಚೆ."

"ಹಾಗಾದ್ರೆ ದೋಷ ಹೋಟ್ಲಿಗೂ ಇಲ್ಲ, ನಿಮಗೂ ಇಲ್ಲ. ಹೋದವರ ತಲೆ ಹತ್ರ ದೀಪ ಇಡ್ತೀವಲ್ಲ, ಅದೂ ಎಣ್ಣೇನೇ ತಾನೆ ಉರಿಯೋದು?" ಎಂದರು ಅವರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರೇ ತಲೆ ಕೆರೆದುಕೊಂಡು, "ಆದ್ರೆ ದೀಪದಿಂದ ಬೋಂಡದ ವಾಸನೆ ಬರಲ್ವಲ್ಲ" ಎಂದರು. ಕೊನೆಗೆ, "ಮನೇಲಿ ಹಿರಿಯರು ಏನ್ ಹೇಳ್ತಾರೋ ಹಾಗೆ ಮಾಡಿ" ಎಂದು ಎದ್ದರು. ಒಳ್ಳೆಯ ಪುರೋಹಿತರು! ಕೇಳದೇ ಇದ್ದಿದ್ದರೂ ಇಷ್ಟು ನಮಗೆ ಗೊತ್ತಿತ್ತು.

ದೊಡ್ಡತ್ತೆ ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಬಚ್ಚಲೊಲೆಯಲ್ಲಿ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ತಂದರು. ಇಟ್ಟಿಗೆ ಆರಿದರೆ ಇನ್ನೊಂದು. ತಮ್ಮನನ್ನು ಕಳೆದುಕೊಂಡು ಅನ್ನ ನೀರು ಬಿಟ್ಟಿದ್ದ ಆ ಮುದುಕಿ ಮಗುವನ್ನು ತಮ್ಮ ಹೊಟ್ಟೆಗೆ ಕಟ್ಟಿಕೊಂಡು ಕಂಬಳಿ ಹೊದ್ದು ಕೂತರು. "ನಿನ್ ಗಂಡ ಹುಟ್ಟಿದಾಗ್ಲೂ ಹೀಗೇ ಇದ್ದ, ಬದುಕ್ಲಿಲ್ವಾ?" ಎಂದು ನನಗೆ ಧೈರ್ಯ ಹೇಳಿದರು. ಅವರನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ. ದ್ವೇಷಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರೇ ಹೆದರಿ, ಬಾಗಿಲು ತೆರೆದಿಟ್ಟು ಇದ್ದಿಲ ಅಗ್ಗಿಷ್ಟಿಕೆ ತಂದರು. ಮಗು ಮತ್ತೆ ಗೊರಗೊರ ಎಂದಿತು. ಅದನ್ನೂ ಹೊರಗಿಟ್ಟರು. ಸಂಜೆಗೆ ಮಗುವಿನ ತುಟಿ ನೀಲಿಯಾಗಿತ್ತು. ಮೊಲೆ ಬಾಯಿಗಿಟ್ಟರೆ ಚೀಪುತ್ತಿರಲಿಲ್ಲ. ನಾನು, "ಅತ್ತೇ! ಹಾಲು ಕುಡೀತಿಲ್ಲ ಅತ್ತೇ!" ಎಂದು ಕಿರುಚಿದೆ.

ಅತ್ತೆಯನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿದ್ದರು. ಗಂಡ ಸತ್ತವಳು ತಿಥಿಯವರೆಗೆ ಆ ಮೂಲೆ ಬಿಟ್ಟು ಓಡಾಡುವ ಹಾಗಿರಲಿಲ್ಲ. ಯಾರಾದರೂ ಬಂದರೆ ಅಳಬೇಕು, ಹೋದರೆ ಸುಮ್ಮನಿರಬೇಕು. ನನ್ನ ಕೂಗು ಕೇಳಿ ಎದ್ದು ಬಂದರು. ಬಂದಿದ್ದವರು, "ಏ, ಕೂತ್ಕೋ, ಕೂತ್ಕೋ" ಎಂದರೂ ತಿರುಗಿ ನೋಡಲಿಲ್ಲ. ಮಗುವಿನ ಕಾಲು ಮುಟ್ಟಿದರು. ಮೂಲೆಯಲ್ಲಿದ್ದ ಪಂಚೆಯ ತುಂಡು ಹರಿದು, ಸೀಮೆಎಣ್ಣೆಗೆ ಅದ್ದಿ, ಬಟ್ಟಲಿಗೆ ಹಾಕಿ ಕಡ್ಡಿ ಗೀರಿದರು. ಬಟ್ಟಲು ಕಾಯುವವರೆಗೆ ಕಾದರು. ನಳಿಕೆಯ ಕಟ್ಟು ಬಿಚ್ಚಿ, ತೊಟ್ಟು ಬೀಳುವುದನ್ನು ನೋಡಿ, ತಿರುಪನ್ನು ಒಂದು ಸುತ್ತು ಬಿಗಿ ಮಾಡಿದರು. ಮಾವ ಮಾಡುತ್ತಿದ್ದ ಹಾಗೆಯೇ. ಯಾವಾಗ ಕಲಿತರೋ!

ದೊಡ್ಡತ್ತೆ ಬಾಗಿಲಲ್ಲಿ ನಿಂತು, "ಬೇಡ ಕಣೇ, ಅವನಿಗೆ ಹಿಂಸೆ ಆಗತ್ತೆ" ಎಂದರು.

"ಅವ್ರು ಇದನ್ನ ಮಾಡಿದ್ದೇ ಮಗೂಗೋಸ್ಕರ ಅತ್ತಿಗೆ. ಉರೀಲಿ" ಎಂದರು ಅತ್ತೆ. ಅಷ್ಟೇ. ಮತ್ತೆ ಮೂಲೆಗೆ ಹೋಗಲಿಲ್ಲ. ಒಲೆಯ ಪಕ್ಕದಲ್ಲೇ ಕೂತರು.

ದೀಪ ಹಚ್ಚುವ ಹೊತ್ತಿಗೆ ಮಗು ಒಮ್ಮೆ ಸೀನಿತು. ಆಮೇಲೆ ಹಾಲು ಚೀಪಿತು. ನಾನು ಅಳುತ್ತಲೇ ನಕ್ಕೆ. ನಗಬಾರದ ಮನೆ ಎಂಬುದು ನೆನಪಾಗಿ ಸೆರಗು ಬಾಯಿಗೆ ತುರುಕಿಕೊಂಡೆ.

ತಿಥಿಯವರೆಗೂ ಒಲೆ ಉರಿಯಿತು, ಎಣ್ಣೆ ಮುಗಿದಂತೆ ದುರ್ಗಿಗುಡಿಯಿಂದ ಡಬ್ಬ ಬರುತ್ತಿತ್ತು. ಬೀದಿಯವರು ಆಡಿಕೊಂಡದ್ದು ಅಷ್ಟಿಷ್ಟಲ್ಲ. "ಮುದುಕ ಹೋಗಿದ್ದೇ ತಡ, ಸೊಸೆ ಬೋಂಡ ಕರ್ಕೊಂಡು ತಿಂತಾಳೆ" ಎಂದು ನೀರಿನ ನಲ್ಲಿಯ ಹತ್ತಿರ ಒಬ್ಬಳು ಹೇಳಿದಳಂತೆ. ಮೊದಲು ನಮ್ಮನ್ನೇ ಅನುಮಾನಿಸಿದ್ದ ತಮಿಳಮ್ಮ ಆಗ, "ನಾನೇ ಕಣ್ಣಾರ ನೋಡಿದೀನಿ, ಬಾಣಲಿ ಇಲ್ಲ ಅಲ್ಲಿ! ಬರೀ ಡ್ರಮ್ಮು!" ಎಂದು ಕೊಡ ಕೆಳಗಿಟ್ಟು ಜಗಳಕ್ಕೆ ನಿಂತರಂತೆ. ದೊಡ್ಡತ್ತೆ ಮಾತ್ರ ಒಲೆಯ ಸುದ್ದಿ ಮತ್ತೆ ಎತ್ತಲಿಲ್ಲ. "ನಾನು ಹೇಳೋದು ಹೇಳಿದೀನಿ. ತಿಥಿ ದಿನ ಕಾಗೆ ಹೇಳತ್ತೆ" ಎಂದಷ್ಟೇ ಅಂದರು.

ಆ ಮಾತು ನನ್ನನ್ನು ಕೊರೆಯಿತು. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಎಡೆ ಇಟ್ಟು ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಅವರು ತೃಪ್ತರಾಗಿ ಹೊರಟರೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಜೀವ ಇಲ್ಲೇ ತೊಳಲುತ್ತಿದೆ ಎಂದು. ಗಂಟೆಗಟ್ಟಲೆ ಕಾಗೆ ಬಾರದೆ ಮನೆಯವರು ಎಲೆಯ ಮುಂದೆ ಅತ್ತು ಕರೆದು ಬೇಡಿಕೊಂಡದ್ದನ್ನು ನಾನೇ ನೋಡಿದ್ದೆ. ಅವತ್ತು ಕಾಗೆ ಮುಟ್ಟದಿದ್ದರೆ? ಮಾವನ ದಾರಿ ಕಟ್ಟಿಹಾಕಿ ಬದುಕಿದ ಮಗು ಎಂದು ಇವಳನ್ನು ಜನ್ಮವಿಡೀ ಅನ್ನುತ್ತಾರಲ್ಲ! ಜನ ಅನ್ನುವುದಿರಲಿ, ಅದು ನಿಜವೇ ಆಗಿದ್ದರೆ? ನಾನು ನಂಬುತ್ತೇನೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ. ಒಂದು ಗಳಿಗೆ, ಕಾಗೆಗೇನು ಗೊತ್ತು ಎನ್ನಿಸುತ್ತಿತ್ತು. ಇನ್ನೊಂದು ಗಳಿಗೆ ಮನಸ್ಸಿನಲ್ಲೇ ಮಾವನಿಗೆ, "ತಪ್ಪು ತಿಳೀಬೇಡಿ, ನಿಮ್ಮ ಮೊಮ್ಮಗಳೇ ಅಲ್ವಾ" ಎಂದು ಹೇಳಿಕೊಳ್ಳುತ್ತಿದ್ದೆ.

ತಿಥಿಯ ದಿನ ದೊಡ್ಡತ್ತೆ ತಾವೇ ಬಾಣಲೆ ಇಟ್ಟು ವಡೆ, ಕಜ್ಜಾಯ, ಬೋಂಡ ಕರಿದರು. ಅಡುಗೆಮನೆಯ ವಾಸನೆ ಯಾವುದು, ನನ್ನ ಕೋಣೆಯ ವಾಸನೆ ಯಾವುದು, ಗೊತ್ತಾಗದಷ್ಟು ಬೆರೆತುಹೋಯಿತು. ಹಿತ್ತಲಿನ ಕಟ್ಟೆಯ ಮೇಲೆ ಬಾಳೆ ಎಲೆ ಹಾಸಿದರು. ನನ್ನ ಕಿಟಕಿಗೆ ಅದು ನೇರ ಕಾಣುತ್ತಿತ್ತು. ಜನ ದೂರ ನಿಂತರು. ಅತ್ತೆ ನನ್ನ ಕೋಣೆಗೆ ಬಂದು ಕಿಟಕಿಯ ಸರಳು ಹಿಡಿದು ನಿಂತರು. ಮಗು ನನ್ನ ಹೆಗಲ ಮೇಲಿತ್ತು.

ನಮ್ಮನೆಯವರು ಎಲೆಗೆ ಬೋಂಡ ಬಡಿಸಿ ಕೈ ಹಿಂದಕ್ಕೆ ತೆಗೆದಿರಲಿಲ್ಲ, ಎಲ್ಲಿತ್ತೋ ಏನೋ, ಒಂದು ಕಾಗೆ ಧೊಪ್ಪನೆ ಇಳಿದು ಬೋಂಡ ಕಚ್ಚಿಕೊಂಡು ಹಾರಿಹೋಯಿತು. ಜನರೆಲ್ಲ "ಆಹಾ!" ಎಂದರು. ದೊಡ್ಡತ್ತೆ ಎರಡೂ ಕೈ ಎತ್ತಿ ಮುಗಿದು, ಕಿಟಕಿಯ ಹತ್ತಿರ ಓಡಿಬಂದು, "ನಾನೇ ತಪ್ಪು ಕಣೇ! ಅವನಿಗೆ ಯಾವ ಆಸೇನೂ ಇರ್ಲಿಲ್ಲ. ಎಷ್ಟು ಚೆನ್ನಾಗಿ ಹೊರಟುಹೋದ ನೋಡೇ!" ಎಂದರು. ಅಳುತ್ತ ನಗುತ್ತಿದ್ದರು. ನನ್ನ ಮೈಯಿಂದ ಒಂದು ಮಣ ಭಾರ ಇಳಿಯಿತು. ನಗುತ್ತ ಅತ್ತೆಯ ಕಡೆ ತಿರುಗಿದೆ.

ಅತ್ತೆ ಕಾಗೆ ಬಿಟ್ಟುಹೋದ ಎಲೆಯನ್ನೇ ನೋಡುತ್ತಿದ್ದರು.

"ಇಷ್ಟು ಬೇಗ್ನಾ?" ಎಂದರು. ದೊಡ್ಡತ್ತೆಗಲ್ಲ, ನನಗೂ ಅಲ್ಲ. "ಒಂದು ಗಳಿಗೆ ಕಾಯ್ಬಾರ್ದಿತ್ತಾ?"

"ಏನತ್ತೇ ಹಾಗಂತೀರಾ? ಒಳ್ಳೇದೇ ಆಯ್ತಲ್ಲ" ಎಂದೆ ನಾನು, ದಡ್ಡಿ.

ಅತ್ತೆ ಕುಸಿದು ಕೂತರು. ಗಂಡ ಸತ್ತ ದಿನದಿಂದ ಬಂದವರ ಮುಂದೆ ಅತ್ತದ್ದು ಬಿಟ್ಟರೆ ಅವರು ಅತ್ತಿರಲಿಲ್ಲ. ಈಗ ಮಗುವಿನ ಹಾಗೆ ಬಿಕ್ಕಿದರು. "ಮಗೂಗೋಸ್ಕರ ಅಂತ ಹೇಳ್ದೆ. ಮಗೂಗೂ ಹೌದು ಕಣೇ, ಸುಳ್ಳಲ್ಲ. ಆದ್ರೆ ಅತ್ತಿಗೆ ಹೇಳಿದ್ರಲ್ಲ, ವಾಸನೆಗೆ ಹೋಗದೆ ಇಲ್ಲೇ ನಿಲ್ತಾರೆ ಅಂತ… ಅದಕ್ಕೇ ಹಗಲೂ ರಾತ್ರಿ ಆರೋಕೆ ಬಿಡ್ಲಿಲ್ಲ ನಾನು."

ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದೆ. ಅದರ ಮೈ ಬೆಚ್ಚಗಿತ್ತು. ಅವರು ಅದನ್ನು ಅಪ್ಪಿಕೊಂಡು, ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿ, ಯಾರೋ ಅಲ್ಲಿ ಇನ್ನೂ ನಿಂತಿರಬಹುದೇನೋ ಎಂಬಂತೆ ಬಹಳ ಹೊತ್ತು ನೋಡುತ್ತಿದ್ದರು.